ಪೊಲೀಸರ ಜಾಗರಣೆ

ತಂಬಿಟ್ಟಿನ ಡಬ್ಬಿಯನ್ನು ಹಿಂದಿನ ಸೀಟಿಗೆ ಹಾಕೋಣ ಅಂದರೆ ಅಮ್ಮ ಕೊಡಲಿಲ್ಲ. ಕೆ.ಆರ್. ಪುರದ ಸಿಗ್ನಲ್ಲಿನಿಂದ ಹೊಸಕೋಟೆ ದಾಟುವವರೆಗೂ ಆ ಸ್ಟೀಲ್ ಡಬ್ಬಿ ಅವಳ ತೊಡೆಯ ಮೇಲೇ ಇತ್ತು. ಹಿಂದಿನ ರಾತ್ರಿ ಹುರಿದ ಅಕ್ಕಿಹಿಟ್ಟಿಗೆ ಬೆಲ್ಲದ ಪಾಕ ಹಾಕಿ ಕಲಸಿ, ಒಂದು ದೊಡ್ಡ ದೀಪ ತಟ್ಟಿದ್ದಳು, ಉಳಿದ ಹಿಟ್ಟನ್ನು ಉಂಡೆ ಕಟ್ಟಿದ್ದಳು. "ಅಲುಗಾಡಿದರೆ ಬಿರುಕು ಬಿಡುತ್ತೆ ಕಣೋ. ಬಿರುಕು ಬಿಟ್ಟ ದೀಪ ಹೊರೋ ಹಾಗಿಲ್ಲ." ನಾನು ಪ್ರತಿ ಹಂಪ್ ಬಂದಾಗಲೂ ಕಾರನ್ನು ತುಂಬು ಬಸುರಿಯನ್ನು ನಡೆಸಿಕೊಂಡು ಹೋದ ಹಾಗೆ ದಾಟಿಸಿದೆ.

ಹೋದ ಮಳೆಗಾಲದಲ್ಲಿ ನನ್ನ ಮಗಳಿಗೆ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದಿತ್ತು. ಆಗ ಅಮ್ಮ ತನ್ನ ತವರೂರಿನ ಈಶ್ವರನಿಗೆ ಹರಕೆ ಕಟ್ಟಿಕೊಂಡಿದ್ದಳು: ಮಗು ಎದ್ದು ಓಡಾಡಿದರೆ ಬರುವ ಶಿವರಾತ್ರಿಗೆ ತಂಬಿಟ್ಟಿನ ದೀಪ ಹೊತ್ತು ಬರುತ್ತೇನೆ. ಮಗು ಎದ್ದಳು, ಓಡಾಡಿದಳು. ಶಿವರಾತ್ರಿಯೂ ಬಂತು, 2025ರ ಫೆಬ್ರವರಿ 26, ಬುಧವಾರ. ಅದಕ್ಕೆ ಮೂರು ದಿನ ಮುಂಚೆ ಊರಿಂದ ಮಾಮನ ಫೋನು. "ಈ ಸಲ ಬರ್‌ಬ್ಯಾಡಕ್ಕ. ಗುಡಿಗೆ ಬೀಗ ಐತೆ. ಹಬ್ಬ ಇಲ್ಲ."

"ಹಬ್ಬ ಇಲ್ಲದಿದ್ರೆ ಇಲ್ಲ. ಈಶ್ವರ ಇದಾನಲ್ಲ?" ಅಂದಳು ಅಮ್ಮ. ಹೊರಟೆವು.

ಊರಿನ ಹೆಸರು ಬರೆಯುವುದಿಲ್ಲ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಿಂದ ಒಳಕ್ಕೆ ತಿರುಗಿದರೆ ಇಂಥ ಎಷ್ಟೋ ಊರುಗಳು ಸಿಗುತ್ತವೆ. ಕೆರೆ ಏರಿ, ಏರಿಯ ಕೊನೆಯಲ್ಲಿ ಸಪ್ಪಲಮ್ಮನ ಕಲ್ಲು, ಹುಣಸೆತೋಪು, ಟೊಮೆಟೊ ತೋಟದ ಕೋಲುಗಳು, ಊರು. ಊರು ಮುಗಿದ ಮೇಲೆ ಒಂದು ಸಣ್ಣ ಬಯಲು, ಆಮೇಲೆ ಕಾಲೋನಿ, ಅಂದರೆ ದಲಿತರ ಕೇರಿ. ಮುಳಬಾಗಿಲು ಅಂದರೆ ಮೂಡಲ ಬಾಗಿಲು, ಕನ್ನಡ ನಾಡಿನ ಪೂರ್ವದ ಬಾಗಿಲು. ಬಾಗಿಲ ಬಳಿ ನಿಂತವರ ಮಾತು ಹೇಗಿರಬೇಕೋ ಹಾಗೇ ಇದೆ ಇಲ್ಲಿಯದು. ತೆಲುಗಿನಲ್ಲಿ ಶುರುವಾದ ವಾಕ್ಯ ಕನ್ನಡದಲ್ಲಿ ಮುಗಿಯುತ್ತದೆ. ಬೈಗುಳ ಮಾತ್ರ ಎರಡರಲ್ಲೂ.

ಕೋಲಾರ ತಲುಪಿದಾಗ ಎಂಟು ಗಂಟೆ. ಅಮ್ಮ ಉಪವಾಸ. ನಾನು ಉಪವಾಸದ ಮನುಷ್ಯನಲ್ಲ, ಆದರೂ ಅವಳ ಮುಂದೆ ಕೂತು ಇಡ್ಲಿ ತಿನ್ನಲು ಮುಜುಗರವಾಗಿ ಬರೀ ಕಾಫಿ ಕುಡಿದೆ. ಕೋಲಾರಮ್ಮನ ಗುಡಿಗೆ ಹೋಗಿಯೇ ಮುಂದೆ ಎಂಬುದು ಅವಳ ನಿಯಮ. ಚೋಳರ ಕಾಲದ ಕಲ್ಲುಗೋಡೆ, ತಮಿಳು ಅಕ್ಷರದ ಶಾಸನಗಳು, ಒಳಗೆ ಕೋಲಾರಮ್ಮ. ಅದೇ ಗುಡಿಯಲ್ಲಿ ಚೇಳಮ್ಮ. ಚೇಳು ಕಚ್ಚದಿರಲಿ ಎಂದು ಬೇಡಿಕೊಳ್ಳುವುದು ಚೇಳಮ್ಮನಿಗೆ. ಅಲ್ಲೊಂದು ಹುಂಡಿ ಇದೆ, ನೆಲಕ್ಕೇ ಕೊರೆದದ್ದು. ಸಾವಿರ ವರ್ಷದಿಂದ ಜನ ಕಾಸು ಹಾಕುತ್ತಲೇ ಇದ್ದಾರೆ, ಯಾರೂ ತೆಗೆದು ನೋಡಿಲ್ಲ ಎನ್ನುತ್ತಾರೆ. ಅಮ್ಮ ಹತ್ತು ರೂಪಾಯಿ ನಾಣ್ಯ ಹಾಕಿ ಕಿವಿಗೊಟ್ಟಳು. ಸದ್ದು ಕೇಳಿಸಲಿಲ್ಲ. "ಏನು ಬೇಡಿಕೊಂಡೆ?" ಅಂದೆ. "ಚೇಳು ಬರೀ ಹೊಲದಲ್ಲಿ ಇರುತ್ತೇನೋ?" ಅಂದಳು.

ಅಲ್ಲಿಂದ ಮುಂದಿನ ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಬಂಡೆಗಳು, ಮಾವಿನ ತೋಪು, ಕೆರೆ. ಕೆರೆಗಳಲ್ಲಿ ನೀರಿತ್ತು. ಅದಷ್ಟು ನನಗೆ ಇನ್ನೂ ಹೊಸದಾಗಿಯೇ ಕಾಣುತ್ತದೆ, ಏಕೆಂದರೆ ನನ್ನ ಬಾಲ್ಯದ ಕೋಲಾರದ ಕೆರೆ ಎಂದರೆ ಕ್ರಿಕೆಟ್ ಆಡುವ ಜಾಗ. ಈ ನೀರಿನ ವಿಷಯ ಮತ್ತೆ ಬರುತ್ತದೆ.

ಊರಿನ ಬಾಯಲ್ಲೇ ಎರಡು ಬ್ಯಾರಿಕೇಡು. ಅದರ ಹಿಂದೆ ಮೀಸಲು ಪಡೆಯ ನೀಲಿ ವ್ಯಾನು, ವ್ಯಾನಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡ ಆರೇಳು ಪೊಲೀಸರು. ಒಬ್ಬರು ಎದ್ದು ಬಂದು ಕಾರಿನೊಳಗೆ ಬಗ್ಗಿ ನೋಡಿದರು.

"ಊರಿನವರೋ ಕಾಲೋನಿಯವರೋ?"

ನಾನು ಬಾಯಿ ತೆರೆಯುವ ಮುಂಚೆ ಅಮ್ಮ, "ಬೆಂಗಳೂರಿನವರು" ಅಂದಳು. ಅವರಿಗೆ ಆ ಉತ್ತರದಿಂದ ಸಮಾಧಾನವಾದಂತೆ ಕಂಡಿತು. ಆದರೆ ನಾವು ಊರಿನವರು. ಇದನ್ನು ಓದುವವರಿಗೆ ಅದು ಗೊತ್ತಿರಬೇಕು. ಗುಡಿಯ ಮರ್ಯಾದೆ ಹಂಚಿಕೊಂಡ ಏಳು ಮನೆಗಳಲ್ಲಿ ಒಂದು ಅಮ್ಮನ ತವರುಮನೆ. ಮೊದಲ ದೀಪ ನಮ್ಮ ಮನೆಯಿಂದಲೇ ಹೊರಡಬೇಕಿತ್ತು. ಮೂವತ್ತು ವರ್ಷ ಬೆಂಗಳೂರಿನಲ್ಲಿದ್ದು, ಜಾತಿ ಕೇಳಿದರೆ ಹುಬ್ಬೇರಿಸುವ ನಾನು, ಐದನೇ ವಯಸ್ಸಿನಲ್ಲಿ ಆ ದೀಪದ ಮೆರವಣಿಗೆಯ ಮುಂದೆ ಹೊಸ ಚಡ್ಡಿ ಹಾಕಿಕೊಂಡು ಬೀಗುತ್ತಾ ನಡೆದವನು.

ಗುಡಿ ಚಿಕ್ಕದು. ಸಾಲದ್ದಕ್ಕೆ ಯಾರೋ ಹತ್ತು ವರ್ಷದ ಹಿಂದೆ ಅದರ ಕಲ್ಲಿಗೆಲ್ಲ ಹಳದಿ ಬಣ್ಣ ಬಳಿದಿದ್ದಾರೆ. ಈಗ ಕಬ್ಬಿಣದ ಗೇಟಿಗೆ ದಪ್ಪ ಬೀಗ, ಬೀಗಕ್ಕೆ ಬಿಳಿ ಬಟ್ಟೆ ಸುತ್ತಿ ಅರಗಿನ ಮುದ್ರೆ. ಬೆಳಗ್ಗೆ ಆರಕ್ಕೆ ಮುದ್ರೆ ಒಡೆದು ಅರ್ಚಕರನ್ನು ಒಳಗೆ ಬಿಡುತ್ತಾರೆ, ಅರ್ಧ ಗಂಟೆಯಲ್ಲಿ ಅವರು ಒಂದು ತಂಬಿಗೆ ನೀರು, ಒಂದು ಬತ್ತಿ, ನಾಲ್ಕು ಬಿಲ್ವಪತ್ರೆ ಮುಗಿಸಿ ಹೊರಗೆ ಬರುತ್ತಾರೆ, ಮತ್ತೆ ಮುದ್ರೆ. ಗೇಟಿಗೆ ಅಂಟಿಸಿದ್ದ ಆದೇಶದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಎಂದಿತ್ತು. ಹಳೆಯ ಕಾನೂನು ಹೋಗಿ 2024ರ ಜುಲೈಯಿಂದ ಹೊಸದು ಬಂದಿದೆ. ಊರಲ್ಲಿ ಮಾತ್ರ ಎಲ್ಲರೂ "ಒನ್ ಫಾರ್ಟಿಫೋರ್ ಹಾಕವ್ರೆ" ಅಂತಲೇ ಹೇಳುತ್ತಿದ್ದರು. ತೇರು ಶೆಡ್ಡಿನಲ್ಲಿತ್ತು. ತೇರೆಂದರೆ ದೊಡ್ಡದೇನಲ್ಲ, ಎರಡಾಳೆತ್ತರದ ಮರದ್ದು. ಅದರ ಮೇಲೆ ನೀಲಿ ಟಾರ್ಪಾಲು. ಹೊಸ ಚಕ್ರಗಳಷ್ಟೇ ಹೊರಗೆ ಕಾಣುತ್ತಿದ್ದವು.

ಜಗಳ ಶುರುವಾದದ್ದು ಆ ಚಕ್ರಗಳಿಂದ.

ಮಾಮನ ಮನೆಯಲ್ಲಿ ಮಧ್ಯಾಹ್ನದವರೆಗೂ ಕೇಳಿಸಿಕೊಂಡದ್ದು ಇಷ್ಟು. ಹಳೆಯ ಚಕ್ರ ಹುಳ ಹಿಡಿದಿದ್ದವು. ಹೋದ ವರ್ಷ ಹೊಸದು ಮಾಡಿಸಲು ಚಂದಾ ಎತ್ತಿದರು, ಊರಲ್ಲೂ ಕಾಲೋನಿಯಲ್ಲೂ. ಶಿವರಾತ್ರಿಯ ಮರುದಿನ ತೇರು ಹೊರಟಾಗ ಕಾಲೋನಿಯ ನಾಲ್ಕು ಹುಡುಗರು ಬಂದು ಹಗ್ಗಕ್ಕೆ ಕೈ ಹಾಕಿದರು. ಯಾರೋ ಹಗ್ಗ ಜಗ್ಗಿದರು, ಒಬ್ಬ ಬಿದ್ದ, ಇನ್ಯಾರೋ ಕಲ್ಲೆತ್ತಿದರು. ತೇರು ಗುಡಿಯ ಮುಂದಿನಿಂದ ಮೂವತ್ತಡಿ ಕೂಡ ಹೋಗಿರಲಿಲ್ಲ. ಒಂದು ಅಟ್ರಾಸಿಟಿ ಕೇಸು, ಒಂದು ಎದುರು ಕೇಸು. ಈ ಸಲ ಹಬ್ಬಕ್ಕೆ ಮುಂಚೆ ಶಾಂತಿ ಸಭೆ ಮೂರು ಸಲ ನಡೆಯಿತು. ಎಲ್ಲರಿಗೂ ಪ್ರವೇಶ ಇದ್ದರೆ ಬಾಗಿಲು ತೆಗೆಯುತ್ತೇವೆ, ಇಲ್ಲದಿದ್ದರೆ ಇಲ್ಲ ಅಂದರು ಅಧಿಕಾರಿಗಳು. ಹಾಗಾದರೆ ಬೀಗವೇ ಇರಲಿ ಅಂದರು ಊರಿನ ಹಿರಿಯರು.

ಹಿರಿಯರಲ್ಲಿ ಮಾಮನೂ ಒಬ್ಬ.

"ಹಗ್ಗ ಹಿಡಿಯೋದು ಏಳು ಮನೆ ಹಕ್ಕು ಕಣಪ್ಪ. ಅದು ಇವತ್ತಿನದಲ್ಲ. ನಾವೇನು ಅವ್ರನ್ನ ಬ್ಯಾಡ ಅಂದಿದ್ದೀವಾ? ನಿಮ್ಮಕ್ಕನ ಮದುವೇಲಿ ಕಾಲೋನಿಗೆಲ್ಲ ಊಟ ಹಾಕಿಲ್ವಾ?"

ಹಾಕಿದ್ದರು. ಹುಣಸೆಮರದ ಕೆಳಗೆ, ನಾವೆಲ್ಲ ಉಂಡು ಎದ್ದ ಮೇಲೆ. ನನಗದು ನೆನಪಿತ್ತು. ಹೇಳಲಿಲ್ಲ. ಮಾಮ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ತೇರು ತೋರಿಸಿದವನು, ಅಪ್ಪ ತೀರಿಕೊಂಡಾಗ ನನ್ನ ಕಾಲೇಜಿನ ಫೀಸು ಕಟ್ಟಿದವನು. ಅಂಥವನು ಮುಂದೆ ಕೂತು "ಸಂಪ್ರದಾಯ" ಅಂದಾಗ ಪತ್ರಿಕೆಯಲ್ಲಿ ಬರೆದ ಹಾಗೆ ಉತ್ತರ ಕೊಡಲು ಬಾಯಿ ಬರುವುದಿಲ್ಲ. ಬರಬೇಕಿತ್ತು.

2022ರ ಸೆಪ್ಟೆಂಬರಿನಲ್ಲಿ ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಮೆರವಣಿಗೆಯ ಕೋಲು ಮುಟ್ಟಿದನೆಂದು ಒಬ್ಬ ದಲಿತ ಹುಡುಗನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ ಹಾಕಿದ ಸುದ್ದಿ ದೇಶವೆಲ್ಲ ಹರಡಿತ್ತು. ಆಗ ನಾನು ಮಾಮನಿಗೆ ಫೋನ್ ಮಾಡಿ ಕೇಳಿದ್ದೆ. "ನಮ್ಮೂರಲ್ಲಿ ಅಂಥದ್ದೆಲ್ಲ ಇಲ್ಲಪ್ಪ" ಎಂದಿದ್ದ. ನಿಜವಾಗಿಯೂ ಇರಲಿಲ್ಲ. ಯಾರೂ ಅಲ್ಲಿಯವರೆಗೆ ಮುಟ್ಟಿರಲಿಲ್ಲ.

ಅತ್ತೆ ಒಳಗಿನಿಂದ ಒಂದೇ ಮಾತು ಹೇಳಿದಳು: "ಕಂಬಾಲಪಲ್ಲಿ ಆಗದಿದ್ರೆ ಸಾಕು." ಪಡಸಾಲೆಯಲ್ಲಿ ಮಾತು ನಿಂತುಹೋಯಿತು. 2000ದ ಮಾರ್ಚ್ 11ರ ರಾತ್ರಿ ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟಿದ್ದರು. ಆಗದು ನಮ್ಮ ಜಿಲ್ಲೆಯೇ. ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ. ಆರೋಪಿಗಳು ಕೋರ್ಟಿನಲ್ಲಿ ಖುಲಾಸೆಯಾದರು. ಇಪ್ಪತ್ತೈದು ವರ್ಷವಾದರೂ ಆ ಹೆಸರು ಬಂದರೆ ಈ ಕಡೆಯ ಹೆಂಗಸರು ಒಲೆಯ ಉರಿ ತಗ್ಗಿಸಿದ ಹಾಗೆ ದನಿ ತಗ್ಗಿಸುತ್ತಾರೆ.

ಊಟವಾದ ಮೇಲೆ, ಅಂದರೆ ನಾನೊಬ್ಬನೇ ಹುಳಿಯನ್ನ ಉಂಡ ಮೇಲೆ, ಸಿಗರೇಟಿನ ನೆಪ ಹೇಳಿ ಬಯಲು ದಾಟಿದೆ. ನಲವತ್ತೈದು ವರ್ಷದಲ್ಲಿ ನಾನು ಕಾಲೋನಿಯೊಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಬಯಲು ದಾಟಲು ನಾಲ್ಕು ನಿಮಿಷ ಸಾಕಾಯಿತು.

ಅಲ್ಲೂ ಇಬ್ಬರು ಪೊಲೀಸರು, ಅಲ್ಲೂ ಗುಂಪು ಸೇರಬಾರದು. ಅಂಬೇಡ್ಕರ್ ಭವನದ ಜಗುಲಿಯಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಬಿ.ಇಡಿ. ಮುಗಿಸಿ ಶಿಕ್ಷಕರ ನೇಮಕಾತಿಗೆ ಓದುತ್ತಿದ್ದಾನಂತೆ. ನಾನು ಯಾರ ಮನೆಯವನೆಂದು ಹೇಳಿದ ಮೇಲೂ "ಕೂತ್ಕೊಳ್ಳಿ ಸಾರ್" ಅಂದ. 'ಅಣ್ಣ' ಅನ್ನಲಿಲ್ಲ, ಅದನ್ನು ಗಮನಿಸಿದೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ತೋರಿಸಿದ. ಚಂದಾ ರಸೀದಿ. ತೇರಿನ ಚಕ್ರದ ಬಾಬ್ತು, 501 ರೂಪಾಯಿ, ಕೆಳಗೆ ಸಹಿ. ಸಹಿ ಯಾರದೆಂದು ಅವನು ಹೇಳಬೇಕಾಗಿರಲಿಲ್ಲ. ಆ ಬರವಣಿಗೆಯಲ್ಲಿ ನನಗೆ ಪ್ರತಿ ಯುಗಾದಿಗೂ ಕಾಗದ ಬರುತ್ತಿತ್ತು.

"ಇಲ್ಲಿ ನಲವತ್ತೆರಡು ಮನೆ ಸಾರ್. ಎಲ್ಲರ ಹತ್ರಾನೂ ಇದೆ. ದುಡ್ಡು ಮುಟ್ಟಿದ್ರೆ ಮೈಲಿಗೆ ಆಗಲಿಲ್ಲ, ಹಗ್ಗ ಮುಟ್ಟಿದ್ದಕ್ಕೆ ಆಯ್ತು."

ಸುಮ್ಮನೆ ಕೆರೆಯ ಕಡೆ ನೋಡಿದೆ. ಅವನೂ ನೋಡಿದ. "ನೀರು ಚೆನ್ನಾಗಿ ನಿಂತಿದೆಯಲ್ಲ" ಅಂದೆ, ಮಾತು ಬದಲಿಸಲು.

"ಎಲ್ಲಿಯ ನೀರು ಗೊತ್ತಲ್ಲ ಸಾರ್?" ಅವನು ಮೊದಲ ಸಲ ನಕ್ಕ. "ನಿಮ್ಮ ಬೆಂಗಳೂರಿನದೇ."

ಗೊತ್ತಿತ್ತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ, 2018ರಿಂದ. ಒಂದು ಕೆರೆ ತುಂಬಿ ಮುಂದಿನದಕ್ಕೆ ಹರಿಯುತ್ತದೆ. ಎರಡೇ ಹಂತ ಸಾಲದು, ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ರೈತರು ಹೋರಾಡುತ್ತಲೇ ಇದ್ದಾರೆ. ಅಂತರ್ಜಲ ಮೇಲೆ ಬಂದು, ಒಣಗಿದ ಬೋರ್‌ವೆಲ್ಲುಗಳು ಮತ್ತೆ ನೀರೆತ್ತಿದ್ದೂ ಹೌದು. ಟೊಮೆಟೊ ಬೆಳೆಯುವುದೂ, ಗುಡಿಯ ಅಂಗಳ ತೊಳೆಯುವುದೂ ಆ ಬೋರ್‌ವೆಲ್ ನೀರಿನಿಂದ.

"ಇಡೀ ಬೆಂಗಳೂರು ಬಚ್ಚಲಿಗೆ ಬಿಟ್ಟ ನೀರು ಈಶ್ವರನ ಅಭಿಷೇಕಕ್ಕೆ ಆಗುತ್ತೆ. ಯಾವ ಜಾತಿಯವರ ಬಚ್ಚಲು ಅಂತ ಪೈಪಿನ ಹತ್ರ ಯಾರಾದ್ರೂ ಕೇಳಿದಾರಾ?"

ಇದನ್ನು ಅವನು ಮುಂಚೆಯೂ ಎಷ್ಟೋ ಜನರಿಗೆ ಹೇಳಿರಬೇಕು, ಮಾತು ಅಷ್ಟು ಹದವಾಗಿತ್ತು. ಶಾಂತಿ ಸಭೆಯಲ್ಲಿ ಹೇಳಿದೆಯಾ ಅಂದೆ. "ಹೇಳಿದೆ. ನಗಬಾರದು ಅಂತ ತಹಶೀಲ್ದಾರರು ಕೆಮ್ಮಿದರು."

ಎದುರು ಮನೆಯ ಗೋಡೆಯ ಮೊಳೆಗೆ ಒಂದು ತಮಟೆ ಖಾಲಿ ನೇತಾಡುತ್ತಿತ್ತು. ಇನ್ನೆರಡು ಮೊಳೆ ಬರಿದಾಗಿದ್ದವು. ಹೋದ ವರ್ಷದಿಂದ ಊರಿನ ಯಾವ ಕಾರ್ಯಕ್ಕೂ ಇಲ್ಲಿಂದ ತಮಟೆ ಹೋಗಿಲ್ಲವಂತೆ, ಮದುವೆಗಿರಲಿ, ಹೆಣಕ್ಕೂ ಇಲ್ಲ. ಬರಿದಾದ ಮೊಳೆಗಳ ತಮಟೆಗಳು ಎಲ್ಲಿ ಎಂದರೆ ಆವನಿ ಜಾತ್ರೆಗೆ ಹೋಗಿದ್ದವು.

ಆವನಿಗೆ ನಾವೂ ಹೋದೆವು. ಮಾಮನೇ ಹೇಳಿದ್ದು, "ಅಕ್ಕನ್ನ ಆವನಿಗೆ ಕರ್ಕೊಂಡೋಗು, ದೀಪ ಅಲ್ಲೇ ಇಟ್ಟು ಬರಲಿ. ಯಾವ ಈಶ್ವರ ಆದ್ರೇನು?" ಮುಳಬಾಗಿಲು ತಾಲ್ಲೂಕಿನ ಆವನಿಗೆ ದಕ್ಷಿಣದ ಗಯಾ ಅಂತ ಹೆಸರು. ನೊಳಂಬರ ಕಾಲದ ಗುಡಿಗಳ ಗುಂಪು ಒಂದೇ ಪ್ರಾಕಾರದಲ್ಲಿದೆ; ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ. ಅಣ್ಣತಮ್ಮಂದಿರಲ್ಲಿ ಹೆಚ್ಚು ಕೆತ್ತನೆ ಲಕ್ಷ್ಮಣನ ಗುಡಿಗೇ ಸಿಕ್ಕಿದೆ, ಅಣ್ಣನದು ಅದರ ಮುಂದೆ ಸಪ್ಪೆ. ಅದನ್ನು ಕಂಡಾಗಲೆಲ್ಲ ನನಗೆ ಒಳಗೊಳಗೇ ಖುಷಿ, ನಾನೂ ಮನೆಯಲ್ಲಿ ಕಿರಿಯವನು. ಹತ್ತನೇ ಶತಮಾನದ ಒಂದು ಶಾಸನ ತ್ರಿಭುವನಕರ್ತಾರ ಎಂಬ ಶೈವ ಗುರುವಿನ ಕತೆ ಹೇಳುತ್ತದೆ. ಅವನು ನಲವತ್ತು ವರ್ಷ ಆವನಿಯ ಸ್ಥಾನವನ್ನು ಆಳಿ ಐವತ್ತು ಗುಡಿ ಕಟ್ಟಿಸಿ, ಎರಡು ದೊಡ್ಡ ಕೆರೆ ತೋಡಿಸಿದನಂತೆ. ಐವತ್ತು ಗುಡಿ! ಒಂದು ಗುಡಿಯ ಒಂದು ಗೇಟು ತೆಗೆಸಲು ನಮ್ಮಲ್ಲಿ ಮೂರು ಶಾಂತಿ ಸಭೆ ಸಾಲಲಿಲ್ಲ.

ಆದರೆ ಆವತ್ತು ಕೆತ್ತನೆ ನೋಡುವವರು ಯಾರು. ಆವನಿಯ ಶಿವರಾತ್ರಿ ಎಂದರೆ ದನಗಳ ಜಾತ್ರೆ. ಬೆಟ್ಟದ ಬುಡದ ಬಯಲಿನಲ್ಲಿ ಹಳ್ಳಿಕಾರ್ ಎತ್ತುಗಳು ಜೋಡಿ ಜೋಡಿಯಾಗಿ ನಿಂತಿದ್ದವು, ಬೂದು ಮೈ, ಹಿಂದಕ್ಕೆ ಬಾಗಿದ ಕೊಂಬು, ಕೊಂಬಿಗೆ ಹಿತ್ತಾಳೆಯ ಕಳಸ. ಕೆಲವು ಜೋಡಿಗೆ ಮದುವೆ ಮನೆಯಂಥ ಪೆಂಡಾಲು, ನೆಲಕ್ಕೆ ಹಾಸು, ಸೀರಿಯಲ್ ಲೈಟು. ಸಾಕಿದ ಮಾಲೀಕ ಮಾತ್ರ ಪಕ್ಕದಲ್ಲಿ ಹುಲ್ಲಿನ ಮೇಲೆ ಮಲಗಿದ್ದ. ದಲ್ಲಾಳಿಗಳು ಎತ್ತಿನ ತುಟಿ ಎತ್ತಿ ಹಲ್ಲು ಎಣಿಸುತ್ತಿದ್ದರು, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ. ಸುಳಿ ನೋಡುತ್ತಿದ್ದರು. ಆಮೇಲೆ ಒಬ್ಬರ ಕೈ ಮೇಲೆ ಒಬ್ಬರು ಕೈಯಿಟ್ಟು, ಮೇಲೆ ಟವೆಲ್ ಹೊದಿಸಿ, ಬೆರಳು ಹಿಚುಕಿ ಬೆಲೆ ಹೇಳುವುದು. ಸುತ್ತ ಇಪ್ಪತ್ತು ಜನ ನಿಂತಿದ್ದರೂ ರೇಟು ಆ ಇಬ್ಬರಿಗೇ ಗೊತ್ತು. ಒಬ್ಬ ಟವೆಲಿನ ಕೆಳಗಿಂದ ಕೈ ಕಿತ್ತು "ಅಯ್ಯೋ ಹೋಗಯ್ಯ!" ಎಂದು ನಾಲ್ಕು ಹೆಜ್ಜೆ ನಡೆದು, ಮತ್ತೆ ತಿರುಗಿ ಬಂದು ಕೈ ಒಳಗಿಟ್ಟ. ಅರ್ಧ ಗಂಟೆ ಅದನ್ನೇ ನೋಡುತ್ತಾ ನಿಂತೆ. ಕೈಗೆ ಕೈ ತಾಗದೆ ಅಲ್ಲಿ ವ್ಯಾಪಾರವೇ ಕುದುರುವುದಿಲ್ಲ.

ನಮ್ಮೂರಿನ ತಮಟೆಯವರು ಅಲ್ಲೇ ಸಿಕ್ಕರು. ಹುಲ್ಲಿನ ಬೆಂಕಿ ಮಾಡಿ ಚರ್ಮ ಕಾಯಿಸುತ್ತಿದ್ದರು. ಅಮ್ಮ ದೂರದಿಂದಲೇ ಗುರುತು ಹಿಡಿದಳು, ಮುಖದಿಂದಲ್ಲ, ಬೆರಳಿನಿಂದ ತಟ್ಟಿ ಶ್ರುತಿ ನೋಡುವ ರೀತಿಯಿಂದ. "ಆ ಹುಡುಗ ತಮಟೆ ತಾತನ ಮೊಮ್ಮಗ ಇರಬೇಕು ಕಣೋ. ಅವರ ತಾತಾನೂ ಹಿಂಗೇ ಮೂರು ಸಲ ತಟ್ಟಿ ಕಿವಿ ಹತ್ರ ಹಿಡೀತಿದ್ದ." ಹತ್ತಿರ ಹೋಗಿ ಕೇಳಿದಳು. ಹೌದಂತೆ. ತಾತ ತೀರಿಕೊಂಡು ಆರು ವರ್ಷವಾಯಿತಂತೆ.

"ನಮ್ಮ ಮನೆ ದೀಪಕ್ಕೆ ನಿಮ್ಮ ತಾತ ಬಾರಿಸ್ತಿದ್ದ ಕಣಪ್ಪ. ಅವನು ಬರದೆ ದೀಪ ಹೊಸಲು ದಾಟ್ತಿರಲಿಲ್ಲ."

"ಹೌದಮ್ಮ" ಅಂದ ಹುಡುಗ, ತಮಟೆಯಿಂದ ಕಣ್ಣು ತೆಗೆಯದೆ. "ಗರುಡಗಂಬದವರೆಗೂ."

ಅಮ್ಮ ಏನೂ ಹೇಳಲಿಲ್ಲ. ಯಾರದೋ ಎತ್ತು ಮೆರವಣಿಗೆಗೆ ಹೊರಟಿತು, ತಮಟೆಯವರು ಎದ್ದು ಅದರ ಮುಂದೆ ಹೋದರು. ಸದ್ದು ಎದೆಗೆ ಗುದ್ದುವಂತಿತ್ತು. ಕಾರಿನ ಕಡೆ ನಡೆಯುವಾಗ ಅವಳಷ್ಟಕ್ಕೇ ಹೇಳಿಕೊಂಡಳು, "ಗರುಡಗಂಬದ ಹತ್ರ ನಿಂತ್ಕೊಳ್ತಿದ್ರು. ಹೌದು. ನಾವು ಒಳಗೆ ಹೋಗಿ ಪೂಜೆ ಮುಗಿಸಿ ಬರೋವರೆಗೂ ಬಿಸಿಲಲ್ಲೇ ಬಾರಿಸ್ತಿದ್ರು. ಅದು ಹಂಗೇ ಅಂದ್ಕೊಂಡಿದ್ವಿ."

ಗುಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ನೂಕುನುಗ್ಗಲಿನಲ್ಲಿ ನನ್ನ ಮೈಗೆ ಎಷ್ಟು ಜನರ ಬೆವರು ಅಂಟಿತೋ. ಯಾರೂ ಯಾರ ಜಾತಿಯನ್ನೂ ಕೇಳಲಿಲ್ಲ. ಇದನ್ನು ನೋಡಿ ಜಾತ್ರೆಯಲ್ಲಿ ಎಲ್ಲರೂ ಒಂದೇ ಎಂದು ಬರೆದುಬಿಡಬಹುದು, ಬರೆಯುವವರೂ ಇದ್ದಾರೆ. ಅಲ್ಲಿ ಯಾರಿಗೂ ಯಾರ ಮನೆ ಎಲ್ಲಿ ಅಂತ ಗೊತ್ತಿರಲಿಲ್ಲ, ಅಷ್ಟೇ. ಪ್ರಾಕಾರದಲ್ಲಿ ಕೂತಿದ್ದ ಮುದುಕರೊಬ್ಬರು ಮೊಮ್ಮಕ್ಕಳಿಗೆ ಬೆಟ್ಟ ತೋರಿಸಿ ಕತೆ ಹೇಳುತ್ತಿದ್ದರು. ಮೇಲಿರುವುದು ಸೀತಮ್ಮನ ಗುಡಿ; ವಾಲ್ಮೀಕಿಯ ಆಶ್ರಮ ಇಲ್ಲೇ ಇತ್ತು; ಲವಕುಶರು ಹುಟ್ಟಿದ್ದು ಇಲ್ಲೇ. ರಾಮನ ಕುದುರೆ ಕಟ್ಟಿಹಾಕಿ ಅಪ್ಪನ ಸೈನ್ಯದ ಮೇಲೆ ಬಾಣ ಬಿಟ್ಟರು. ಮಕ್ಕಳ ಮೇಲೆ ಬಿಲ್ಲೆತ್ತಿದ ಪಾಪ ಕಳೆಯಲು ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಲಿಂಗ ಇಟ್ಟರಂತೆ. "ಕುದುರೆ ವಾಪಸ್ ಕೊಟ್ರಾ ತಾತ?" ಎಂದು ಒಬ್ಬ ಹುಡುಗ ಕೇಳಿದ. ತಾತನಿಗೆ ಅದು ಹೊಳೆಯಲಿಲ್ಲ.

ದೀಪ ಮಾತ್ರ ಡಬ್ಬಿಯಿಂದ ಹೊರಗೆ ಬರಲಿಲ್ಲ. ರಾಮೇಶ್ವರನ ಮುಂದೆ ಅಮ್ಮ ಕೈಮುಗಿದಳು, ಕರ್ಪೂರ ತೆಗೆದುಕೊಂಡಳು, ಹೊರಗೆ ಬಂದಳು. "ಇಡಲಿಲ್ವಾ?" ಅಂದೆ. "ಹರಕೆ ಕಟ್ಟಿದ್ದು ಇವನಿಗಲ್ಲವಲ್ಲೋ. ಸಾಲ ತಗೊಂಡಿದ್ದು ಒಬ್ಬರ ಹತ್ರ, ತೀರಿಸೋದು ಇನ್ನೊಬ್ಬರಿಗಾ?"

ವಾಪಸು ಊರು ಸೇರಿದಾಗ ಹತ್ತೂವರೆ. ಚಳಿ ಶಿವಶಿವಾ ಎಂದು ಹೋಗುವ ರಾತ್ರಿ ಅದು. ನಮ್ಮಲ್ಲಿ ಇನ್ನೂ ಹೋಗಿರಲಿಲ್ಲ. ಚಂದ್ರ ಇಲ್ಲ. ಎಲ್ಲ ವರ್ಷ ಈ ಹೊತ್ತಿಗೆ ಮೈಕಿನಲ್ಲಿ ಭಜನೆ, ಕುರುಕ್ಷೇತ್ರ ನಾಟಕದ ಹಾರ್ಮೋನಿಯಂ, ಮಕ್ಕಳ ಪೀಪಿ ಇರುತ್ತಿತ್ತು. ಈಗ ನಾಯಿಯೂ ಬೊಗಳಲಿಲ್ಲ, ಪೊಲೀಸರು ಹಾಕಿದ ಬಿಸ್ಕತ್ತಿಗೆ ಅವು ಒಗ್ಗಿಕೊಂಡಿದ್ದವು. ಊರಲ್ಲಿ ಎಲ್ಲ ಮನೆಯ ದೀಪ ಆರಿತ್ತು. ಶಿವರಾತ್ರಿಯ ರಾತ್ರಿ ಇಡೀ ಊರು ಮಲಗಿದ್ದನ್ನು ಅಮ್ಮ ಕಂಡದ್ದು ಅರವತ್ತೆಂಟು ವರ್ಷದಲ್ಲಿ ಇದೇ ಮೊದಲಂತೆ. ಎಚ್ಚರವಿದ್ದವರು ವ್ಯಾನಿನವರು ಮಾತ್ರ. ಗುಡಿಯ ಮುಂದೆ ಒಂದು ಎಲ್‌ಇಡಿ ದೀಪ, ಅದರ ಕೆಳಗೆ ಅವರ ಕುರ್ಚಿಗಳು. ಶಿವರಾತ್ರಿಯ ಪೂಜೆ ನಾಲ್ಕು ಯಾಮ. ಅವರ ಪಾಳಿ ಎರಡೇ.

ಅಮ್ಮ ಮನೆಯೊಳಗೆ ಹೋಗಲಿಲ್ಲ. ಕಾರಿನಿಂದ ಇಳಿದವಳೇ ಡಬ್ಬಿ ಹಿಡಿದು ಸೀದಾ ಬ್ಯಾರಿಕೇಡಿನ ಹತ್ತಿರ ಹೋದಳು. ಒಬ್ಬ ಮಹಿಳಾ ಪೇದೆ ಎದ್ದು ಬಂದಳು, ಇಪ್ಪತ್ತೈದರ ಹುಡುಗಿ, ಸ್ವೆಟರಿನ ಮೇಲೆ ಸಮವಸ್ತ್ರದ ಜಾಕೆಟ್ಟು.

"ಎಲ್ಲಿಗ್ರೀ ಅಮ್ಮಾರ? ಮುಂದ ಬಿಡಂಗಿಲ್ರಿ."

ಬಾಗಲಕೋಟೆಯ ಕಡೆಯ ಹುಡುಗಿ. ಅಮ್ಮ ಹೇಳಿದಳು, ಒಳಗೆ ಹೋಗುವುದಿಲ್ಲ, ಗೇಟು ಮುಟ್ಟುವುದಿಲ್ಲ, ಹರಕೆಯ ದೀಪ, ಮೊಮ್ಮಗಳಿಗೆ ಹುಷಾರಿರಲಿಲ್ಲ. ಹುಡುಗಿ ಹಿಂದೆ ತಿರುಗಿ ಎಎಸ್ಐ ಮುಖ ನೋಡಿದಳು. ಅವರು ಮೊಬೈಲಿನಿಂದ ತಲೆ ಎತ್ತಿ ಅಮ್ಮನನ್ನೂ ಡಬ್ಬಿಯನ್ನೂ ನೋಡಿ, "ಗುಂಪು ಸೇರಬಾರದು ಅಂತ ಇದೆ. ಒಬ್ರು ಗುಂಪು ಆಗಲ್ಲ ಬಿಡು" ಅಂದರು.

ಅಮ್ಮ ಬ್ಯಾರಿಕೇಡಿನ ಈಚೆಯೇ, ರಸ್ತೆಯ ಅಂಚಿನಲ್ಲಿ, ಗೇಟಿಗೆ ಅರವತ್ತಡಿ ದೂರದಲ್ಲಿ ಕೂತಳು. ಸೆರಗಿನಿಂದ ನೆಲ ಒರೆಸಿ ಬಾಳೆಲೆ ಹಾಸಿದಳು. ಡಬ್ಬಿ ತೆಗೆದರೆ ದೀಪಕ್ಕೆ ಕೂದಲೆಳೆಯ ಬಿರುಕೂ ಬಿದ್ದಿರಲಿಲ್ಲ, ಅದನ್ನು ನನಗೆ ಎರಡು ಸಲ ತೋರಿಸಿದಳು. ಸುತ್ತ ಸೇವಂತಿಗೆ ಚುಚ್ಚಿ, ಗುಣಿಗೆ ತುಪ್ಪ ಹಾಕಿ ಬತ್ತಿ ಹಚ್ಚಿದಳು. ಗಾಳಿಗೆ ಎರಡು ಸಲ ಆರಿತು. ಮೂರನೇ ಸಲ ಆ ಹುಡುಗಿ ತನ್ನ ಲಾಠಿ ಪಕ್ಕಕ್ಕಿಟ್ಟು, ಗಲಭೆಗೆಂದು ತಂದಿದ್ದ ಬೆತ್ತದ ಗುರಾಣಿಯನ್ನು ಗಾಳಿಗೆ ಅಡ್ಡ ಹಿಡಿದು ನಿಂತಳು. ಆಮೇಲೆ ಆರಲಿಲ್ಲ.

ತಮಟೆ ಇರಲಿಲ್ಲ. ಬೀಗ ಹಾಕಿದ ಗೇಟಿನ ಆಚೆ ಕತ್ತಲೆ. ಮಾಮನ ಮನೆಯ ಕಿಟಕಿಯಲ್ಲಿ ಪರದೆ ಅಲ್ಲಾಡಿದ್ದನ್ನು ನಾನು ನೋಡಿದೆ. ಬಯಲಿನಾಚೆ ಅಂಬೇಡ್ಕರ್ ಭವನದ ಜಗುಲಿಯಲ್ಲಿ ಲ್ಯಾಪ್‌ಟಾಪಿನ ನೀಲಿ ಬೆಳಕು ಇನ್ನೂ ಇತ್ತು, ಒಂದು ಗಳಿಗೆ ಅದೂ ನಿಂತಂತಾಯಿತು. ಅವನು ಎದ್ದು ನಿಂತು ನೋಡುತ್ತಿದ್ದನೋ, ಪರದೆ ಮಡಚಿದನೋ, ಗೊತ್ತಾಗಲಿಲ್ಲ.

ಬತ್ತಿ ಮುಗಿದ ಮೇಲೆ ಅಮ್ಮ ಡಬ್ಬಿಯಲ್ಲಿದ್ದ ಉಂಡೆಗಳನ್ನು ಪೊಲೀಸರಿಗೆ ಹಂಚಿದಳು. "ಏನ್ರಿ ಇದು?" ಅಂದಳು ಹುಡುಗಿ. "ತಂಬಿಟ್ಟು ಕಣಮ್ಮ. ಬರೀ ಅಕ್ಕಿ, ಬೆಲ್ಲ, ತುಪ್ಪ." "ನಾ ಇವತ್ತ ಉಪಾಸ ಅದೀನ್ರಿ ಅಮ್ಮಾರ." "ನಾನೂ" ಅಂದಳು ಅಮ್ಮ. ಇಬ್ಬರೂ ತಮ್ಮ ತಮ್ಮ ಉಂಡೆಯನ್ನು ಕಾಗದದಲ್ಲಿ ಸುತ್ತಿ ಬೆಳಗ್ಗೆಗೆ ಇಟ್ಟುಕೊಂಡರು. ಎಎಸ್ಐ ಎರಡು ತಿಂದರು. ಬೆಳಗಿನ ಜಾವ ಮೂರರವರೆಗೂ ಅಮ್ಮ ಅವರ ಒಂದು ಕುರ್ಚಿಯ ಮೇಲೆ ಶಾಲು ಹೊದ್ದು ಕೂತೇ ಇದ್ದಳು, ಆ ಹುಡುಗಿಗೆ ಮದುವೆ ನಿಶ್ಚಯವಾಗಿರುವ ಕತೆಯನ್ನೆಲ್ಲ ಕೇಳಿಕೊಂಡು. ನಾನು ಕಾರಿನಲ್ಲಿ ಮಲಗಿದೆ.

ಬೆಳಗ್ಗೆ ಹೊರಟು, ಮುಳಬಾಗಿಲಿಗೆ ಹೋಗಿ ದೋಸೆ ತಿಂದು, ಹೆದ್ದಾರಿ ಹಿಡಿದೆವು. ಮುಳಬಾಗಿಲಿನ ದೋಸೆಯ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಹಸಿದು ತಿಂದವರು ಬರೆದದ್ದನ್ನು ನಂಬಿ. ನರಸಾಪುರದ ಫ್ಯಾಕ್ಟರಿಗಳ ಹತ್ತಿರ ಬಂದಾಗ ಮಾಮನ ಫೋನು. ಸ್ಪೀಕರ್ ಹಾಕಿದೆ.

"ಅಕ್ಕಾ, ರಾತ್ರಿ ದೀಪ ಇಟ್ಟೆಯಂತಲ್ಲ. ಯಾವ ಕಡೆ ಮುಖ ಮಾಡಿ ಇಟ್ಟೆ?"

"ಯಾಕೋ?"

"ಊರಲ್ಲಿ ಮಾತಾಗ್ತಾ ಐತೆ. ಕಾಲೋನಿ ಕಡೆ ಮುಖ ಮಾಡಿ ಇಟ್ಟೆ ಅಂತ ಇವ್ರು, ಊರ ಕಡೆ ಅಂತ ಅವ್ರು. ಬೆಳಗ್ಗೆ ಟೀ ಅಂಗಡೀಲಿ ಎರಡು ಮಾತು ಜೋರಾಗೇ ಆಗೈತೆ. ನಾನೇನು ಹೇಳ್ಲಿ?"

ಅಮ್ಮ ಖಾಲಿ ಡಬ್ಬಿಯನ್ನು ತೊಡೆಯಿಂದ ಎತ್ತಿ ಹಿಂದಿನ ಸೀಟಿಗೆ ಹಾಕಿದಳು.

"ಗಾಳಿಗೆ ಬೆನ್ನು ಮಾಡಿ ಇಟ್ಟೆ ಕಣಪ್ಪ. ಆರಬಾರದಲ್ಲ."